ಯಂತ್ರದ ಗುರುತು

ಮನೆಯ ಗಣಕಯಂತ್ರವು ಕೆಟ್ಟಾಗ ಹಳೆಯ ಅಂಗವೊಂದನ್ನು ತೆಗೆದು ಹೊಸದನ್ನು ಕೂಡಿಸುವುದು ಮಿತವ್ಯಯದ ಲಕ್ಷಣವೇ ಸರಿ. ಆದರೆ ರಿಪೇರಿಯಾಗಿ ಬಂದ ಯಂತ್ರದ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕಾದ ಅಕ್ಷರಗಳು ಮೂಡಿದೊಡನೆ ಗೃಹಸ್ಥರು ಗಾಬರಿಗೊಳ್ಳುತ್ತಾರೆ. ಒಮ್ಮೆ ಹಣ ತೆತ್ತು ಕೊಂಡುದನ್ನು ಮತ್ತೆ ಕೊಳ್ಳಬೇಕೆ? ಈ ಸಂದೇಹವನ್ನು ನಾವು ಈ ತಿಂಗಳು ವಿಚಾರಮಾಡೋಣ.

ಮೈಕ್ರೋಸಾಫ್ಟ್ ಸಂಸ್ಥೆಯವರು 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಆಕ್ಟಿವೇಶನ್ ಎಂಬ ಏರ್ಪಾಡನ್ನು ತಂದರು. ಒಂದೇ ಪ್ರತಿಯನ್ನು ಕೊಂಡು ಹತ್ತು ಯಂತ್ರಗಳಲ್ಲಿ ಹಾಕಿಕೊಳ್ಳುವುದನ್ನು ತಡೆಯುವುದೇ ಅದರ ಉದ್ದೇಶ. ಅದಕ್ಕಾಗಿ ವಿಂಡೋಸ್ ತಾನು ನೆಲೆಸಿರುವ ಯಂತ್ರದ ಅಂಗಾಂಗಗಳಿಂದ ಒಂದು ಗುರುತನ್ನು ಮಾಡಿಟ್ಟುಕೊಳ್ಳುತ್ತದೆ. ರ್‍ಯಾಮ್ ಹೆಚ್ಚಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಆ ಗುರುತು ತಪ್ಪದು. ಮದರ್‌ಬೋರ್ಡನ್ನೇ ಬದಲಿಸಿದರೆ ಮಾತ್ರ ಇದು ಬೇರೆ ಯಂತ್ರವೆಂದು ಬಗೆಯುತ್ತದೆ. ಕಾಳಿದಾಸನ ನಾಟಕದಲ್ಲಿ ಶಕುಂತಲೆ ಮೊದಲಿನ ಶಕುಂತಲೆಯೇ. ಉಂಗುರವಿಲ್ಲದೆ ದುಷ್ಯಂತನು ಅವಳನ್ನು ಗುರುತಿಸದಾದನು. ಇಲ್ಲಿಯೂ ಬೇಕಾದುದು ಅಂತಹ ಒಂದು ಅಭಿಜ್ಞಾನವೇ.

ಮೈಕ್ರೋಸಾಫ್ಟ್ ಅಕೌಂಟು ಎಂಬುದೇ ಆ ಉಂಗುರ. ಲೈಸೆನ್ಸನ್ನು ಅದರೊಡನೆ ಜೋಡಿಸುವ ಅನುಕೂಲವು 2016ರಿಂದ ಉಂಟು. ಆದಕಾರಣ ಯಂತ್ರವು ನಡೆಯುತ್ತಿರುವಾಗಲೇ, ಅಂಗವನ್ನು ಬದಲಿಸುವುದಕ್ಕೆ ಮುಂಚೆಯೇ, ಅಕೌಂಟನ್ನು ಸೇರಿಸಿಡತಕ್ಕದ್ದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್ ಎಂಬ ಕ್ರಮದಲ್ಲಿ ಹೋದರೆ ಲೈಸೆನ್ಸು ಅಕೌಂಟಿಗೆ ಜೋಡಣೆಯಾಗಿದೆಯೇ ಎಂಬುದು ತಿಳಿಯುತ್ತದೆ. ಬದಲಿಸಿದ ಮೇಲೆ ಅದೇ ಪುಟದಲ್ಲಿ ಟ್ರಬಲ್‌ಶೂಟ್ ಎಂಬುದನ್ನು ಒತ್ತಿ, ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬರ್ಥದ ಸಾಲನ್ನು ಆರಿಸಿ, ಅಕೌಂಟಿನೊಳಗೆ ಪ್ರವೇಶಿಸಿ, ಪಟ್ಟಿಯಲ್ಲಿ ತಮ್ಮ ಯಂತ್ರವನ್ನು ತೋರಿಸಿದರೆ ಆಯಿತು. ಮೊದಲು ಹೋಮ್ ಇದ್ದಲ್ಲಿ ಈಗ ಪ್ರೋ ಹಾಕಿಸಿದ್ದರೆ ಈ ಉಪಾಯವು ಫಲಿಸದು.

ಲೈಸೆನ್ಸಿನಲ್ಲಿಯೂ ಭೇದವುಂಟು. ಪ್ರತ್ಯೇಕವಾಗಿ ಕೊಂಡ ಪ್ರತಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಯಂತ್ರದೊಡನೆಯೇ ಬಂದುದು ಆ ಯಂತ್ರಕ್ಕೇ ಕಟ್ಟುಬಿದ್ದುದು. ಅಂತಹದಕ್ಕೆ ತೊಡಕು ಬಂದರೆ ತಯಾರಕರನ್ನು ಕೇಳುವುದು ಉಚಿತ.

ಗುರುತು ತಪ್ಪಿದರೂ ಕಡತಗಳು ನಾಶವಾಗುವುದಿಲ್ಲ. ಪರದೆಯ ಚಿತ್ರ, ಬಣ್ಣ ಮೊದಲಾದ ಅಲಂಕಾರಗಳಿಗೆ ಮಾತ್ರ ತಡೆ. ಆದುದರಿಂದ ಅವಸರಪಟ್ಟು ಅಗ್ಗದ ಕೀಲಿಯನ್ನು ಮಾರುವವರ ಬಲೆಗೆ ಬೀಳಬೇಕಾಗಿಲ್ಲ.

ನಿಜವಾದ ಭಯವಿರುವುದು ಬೇರೆಡೆಯಲ್ಲಿ. ಈಚಿನ ಅನೇಕ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವು, ಮನೆಯವರಿಗೆ ತಿಳಿಯದೆಯೇ, ಡಿಸ್ಕಿಗೆ ಬಿದ್ದಿರುತ್ತದೆ. ಮದರ್‌ಬೋರ್ಡು ಬದಲಾದೊಡನೆ ಅದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುವ ಸಂಭವವುಂಟು. ಕೀಲಿಯು ಸಿಗದಿದ್ದರೆ ಮಕ್ಕಳ ಭಾವಚಿತ್ರಗಳೂ ಮನೆಯ ಲೆಕ್ಕಪತ್ರಗಳೂ ಡಿಸ್ಕಿನಲ್ಲಿದ್ದೂ ಇಲ್ಲದಂತಾಗುವುವು. ಸಾಮಾನ್ಯವಾಗಿ ಈ ಕೀಲಿಯೂ ಮೈಕ್ರೋಸಾಫ್ಟ್ ಅಕೌಂಟಿನಲ್ಲಿಯೇ ಉಳಿದಿರುತ್ತದೆ; ಯಂತ್ರವನ್ನು ರಿಪೇರಿಗೆ ಕೊಡುವ ಮುನ್ನ ಹುಡುಕಿ ತೆಗೆದಿಡಬೇಕು.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಅಕೌಂಟಿನ ಹೆಸರು, ಪ್ರತಿಯೊಡನೆ ಬಂದಿದ್ದರೆ 25 ಅಕ್ಷರಗಳ ಕೀಲಿ, ರಿಕವರಿ ಕೀಲಿ, ಇವನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆಯಲ್ಲಿ ಪೆಟ್ಟಿಗೆಯೊಳಗಿಡಿರಿ. ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಡಿರಿ. ಬೀಗದ ಕೀಲಿಯನ್ನು ಬೀಗ ಹಾಕಿದ ಕೋಣೆಯೊಳಗೇ ಇಟ್ಟವನಿಗೆ ಬಾಗಿಲು ತೆರೆಯುವವರಾರು?