ಜಪಾನಿನ ಆಸ್ಪತ್ರೆಯೂ ಪುತ್ತೂರಿನ ಸಹಕಾರ ಸಂಘವೂ

ಏಳು ವರ್ಷಗಳಿಂದ ಜಪಾನಿನಲ್ಲಿ ಯಂತ್ರಶಾಸ್ತ್ರದ ಉದ್ಯೋಗದಲ್ಲಿರುವ, ಪುತ್ತೂರಿಗೆ ಸಮೀಪದ ಗ್ರಾಮವೊಂದರ ತರುಣ ಮಿತ್ರರೊಬ್ಬರು ಏಪ್ರಿಲ್ ತಿಂಗಳಲ್ಲಿ ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆಗೆಂದು ಊರಿಗೆ ಬಂದವರು, ನಮ್ಮ ಕಾರ್ಯಾಲಯಕ್ಕೂ ಬಂದು ಎರಡು ಗಂಟೆಗಳ ಕಾಲ ಕುಳಿತು ಮಾತನಾಡಿದರು. ಪರದೇಶದಿಂದ ಬಂದವರ ಮಾತನ್ನು ಕೇಳುವುದರಲ್ಲಿ ನಮ್ಮ ಜನರಿಗೆ ಇರುವ ಆಸಕ್ತಿ ಅಪಾರವಾದುದು. ಆ ಮಾತನ್ನು ಒರೆಗೆ ಹಚ್ಚಿ ನೋಡುವುದರಲ್ಲಿ ಇರುವ ಆಸಕ್ತಿ ಮಾತ್ರ ಅತ್ಯಲ್ಪವಾದುದು. 1898ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋದಾಗ, ಆ ದೇಶದ ಹೂದೋಟಗಳ ವರ್ಣನೆಯನ್ನು ಹೊತ್ತುಕೊಂಡು ಬರಲಿಲ್ಲ; ಒಂದು ಬಡ ರಾಷ್ಟ್ರವು ಯಾವ ಏರ್ಪಾಡುಗಳಿಂದ ಮೇಲಕ್ಕೆ ಬಂದಿತೆಂಬುದನ್ನು ನೋಡಿಕೊಂಡು ಬಂದರು. ಆ ದೃಷ್ಟಿಯಿಂದಲೇ ನಾವು ಮಿತ್ರರ ಮಾತನ್ನು ಕೇಳಿದೆವು.

ರೈಲುಬಂಡಿಗಳು ನಿಮಿಷ ತಪ್ಪದೆ ಬರುವುದು, ಬೀದಿಯಲ್ಲಿ ಕಸವಿಲ್ಲದಿರುವುದು, ಶಾಲೆಯ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುವುದು, ಮಧ್ಯಾಹ್ನದ ಊಟವನ್ನು ತಾವೇ ಬಡಿಸಿಕೊಳ್ಳುವುದು, ಇವೆಲ್ಲವನ್ನೂ ವಾಚಕರು ಹಲವು ಸಲ ಕೇಳಿರುವರು. ಮನೆಯೊಳಗೆ ಕಾಲಿಡುವ ಮುನ್ನ ಪಾದರಕ್ಷೆಯನ್ನು ಬಿಡುವುದಂತೂ ನಮಗೆ ಯಾರೂ ಕಲಿಸಬೇಕಾದುದಲ್ಲ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅವರ ಬೇರೆ ಒಂದು ಮಾತು. ಮಿತ್ರರಿಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಅವರ ಪತ್ನಿಗೆ ಅಲ್ಲಿಯೇ ಹೆರಿಗೆಯಾಯಿತು. ತಂದೆಯ ಸ್ನೇಹಿತರಾದ ನಮ್ಮನ್ನು ಅವರು ಮಾವ ಎಂದೇ ಕರೆಯುವರು. "ಮಾವ, ಅಲ್ಲಿ ಸೀಕು ಬಂದರೆ ಸೀಕಿನ ಹೆದರಿಕೆ ಮಾತ್ರ. ಇಲ್ಲಿ ಸೀಕಿನ ಜತೆಗೆ ತೋಟದ ಹೆದರಿಕೆಯೂ ಉಂಟಲ್ಲ" ಎಂದರು. ಪುತ್ತೂರು, ಸುಳ್ಯ, ಕಡಬದ ಯಾವ ಕೃಷಿಕನಿಗೂ ಈ ಮಾತಿಗೆ ಟೀಕೆ ಬೇಕಾಗದು. ಹೃದಯದ ಬೇನೆಯೋ, ಮೂತ್ರಪಿಂಡದ ಬೇನೆಯೋ ಬಂದು ಮಂಗಳೂರಿಗೆ ಹೋದ ಮನೆಯವರಲ್ಲಿ, ಅಡಿಕೆ ತೋಟವನ್ನು ಅಡವಿಟ್ಟವರು ಎಷ್ಟು ಮಂದಿ, ಹೆಂಡತಿಯ ಕರಿಮಣಿಯೊಂದನ್ನುಳಿದು ಮಿಕ್ಕ ಚಿನ್ನವನ್ನೆಲ್ಲಾ ಮಾರಿದವರು ಎಷ್ಟು ಮಂದಿ ಎಂಬುದನ್ನು ಪ್ರತಿ ಗ್ರಾಮದವರೂ ಬೆರಳೆಣಿಸಿ ಹೇಳಬಲ್ಲರು. ತೋಟವಿಲ್ಲದ ಕೂಲಿಕಾರನ ಪಾಡಂತೂ ಹೇಳತೀರದು. ಅವನಿಗಾಗಿ ಭಜನಾಮಂದಿರದಲ್ಲಿ ಚಂದಾ ಎತ್ತಬೇಕು, ಇಲ್ಲವೆ ಅವನ ಮಗುವಿನ ಚಿತ್ರವನ್ನು ಕೈದೂರವಾಣಿಗಳಲ್ಲಿ ಊರೂರಿಗೆ ಕಳುಹಿ ಭಿಕ್ಷೆ ಬೇಡಬೇಕು.

ಜಪಾನಿನ ಏರ್ಪಾಡು ಏನು? ಮೂರು ತಿಂಗಳಿಗೆ ಮೇಲ್ಪಟ್ಟು ವಾಸಿಸುವ ಪರದೇಶೀಯರೂ ಸೇರಿ ಪ್ರತಿಯೊಬ್ಬನೂ ಆರೋಗ್ಯ ವಿಮೆಗೆ ಸೇರಲೇಬೇಕು. ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರಲ್ಲಿ ಬಹುಮಂದಿಯ ಸಂಬಳದ ಸುಮಾರು ನೂರಕ್ಕೆ ಹತ್ತರಷ್ಟು ವಂತಿಗೆಯಾಗಿ ಹೋಗುತ್ತದೆ. ಅದರಲ್ಲಿ ಅರ್ಧವನ್ನು ಧಣಿ ತೆರಬೇಕು. ಚಿಕಿತ್ಸೆಯ ವೆಚ್ಚದಲ್ಲಿ 70 ವರ್ಷಕ್ಕೆ ಕೆಳಗಿನ ರೋಗಿಯು ನೂರಕ್ಕೆ 30ನ್ನು ಕೊಟ್ಟರೆ ಉಳಿದ 70ನ್ನು ವಿಮೆ ಭರಿಸುವುದು. ವೃದ್ಧರ ಪಾಲು ಸಾಮಾನ್ಯವಾಗಿ ಇನ್ನೂ ಕಡಮೆ. ತಿಂಗಳೊಂದರಲ್ಲಿ ರೋಗಿಯ ಪಾಲು ಅವನ ವರಮಾನಕ್ಕೆ ತಕ್ಕ ಮಿತಿಯನ್ನು ದಾಟಿತೆಂದರೆ ಅಲ್ಲಿಂದ ಮುಂದಿನ ಭಾರವು ಬಹುಮಟ್ಟಿಗೆ ಅವನದಲ್ಲ. ಈ ಕ್ರಮವು 1973ರಿಂದ ಉಂಟು. ವಿಮೆಗೆ ಒಳಪಟ್ಟ ಚಿಕಿತ್ಸೆಗಳಿಗೆ ಸರಕಾರವು ಎರಡು ವರ್ಷಗಳಿಗೊಮ್ಮೆ ದರಪಟ್ಟಿಯನ್ನು ಪ್ರಕಟಿಸುವುದು. ತೋಕಿಯೋ ನಗರದ ದೊಡ್ಡ ಆಸ್ಪತ್ರೆಗೂ ಬೆಟ್ಟದ ಹಳ್ಳಿಯ ಚಿಕ್ಕ ಆಸ್ಪತ್ರೆಗೂ ಅದೇ ಪಟ್ಟಿ. ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿಯವರವೇ ಆಗಿದ್ದರೂ, ಲಾಭವನ್ನು ಹಂಚಿಕೊಳ್ಳುವ ಕಂಪೆನಿಗಳಂತೆ ಅವನ್ನು ಹೊಸದಾಗಿ ತೆರೆಯಲು ಆಸ್ಪದವಿಲ್ಲ.

ಇದನ್ನು ನಮ್ಮ ಕ್ರಮದೊಡನೆ ಹೋಲಿಸಿ ನೋಡೋಣ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಂತೆ, ಬಡತನದ ರೇಖೆಗೆ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯಬೇಕು. ಇದು ಸಣ್ಣ ಮಾತಲ್ಲ, ಸರಕಾರವನ್ನು ಅಭಿನಂದಿಸತಕ್ಕ ಕಾರ್ಯ. ಆದರೆ ರೇಖೆಗೆ ಮೇಲಿನವರಿಗೆ, ಎಂದರೆ ಎರಡು ಎಕರೆ ಅಡಿಕೆ ತೋಟವಿದ್ದು ಸಾಲದಲ್ಲಿ ಮುಳುಗಿದವನಿಗೂ, ಅದರಲ್ಲಿ ದೊರೆಯುವುದು ನಿಗದಿಯಾದ ದರದ ನೂರಕ್ಕೆ 30 ಮಾತ್ರ. 70 ಅವನ ಕೈಯಿಂದಲೇ. ಜಪಾನಿನಲ್ಲಿ ರೋಗಿಯ ಪಾಲು ಮೂವತ್ತು, ಇಲ್ಲಿ ಸರಕಾರದ ಪಾಲು ಮೂವತ್ತು! ಅಂಕಿ ಒಂದೇ ಆದರೂ ಅದನ್ನು ತೆರುವ ಕೈ ಅದಲುಬದಲಾಗಿದೆ. ಇನ್ನು ದರದ ವಿಚಾರ. ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಮಸೂದೆಯು 2017ರಲ್ಲಿ ನಮ್ಮ ರಾಜ್ಯದಲ್ಲಿ ಬಂದಾಗ, ಆ ವರ್ಷದ ನವೆಂಬರ್ ತಿಂಗಳಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದುದೂ, ಮಸೂದೆಯು ಮೆತ್ತಗಾಗಿ ಹೊರಬಂದುದೂ ವಾಚಕರಿಗೆ ನೆನಪಿರಬಹುದು. ವೈದ್ಯರನ್ನು ನಾವು ದೂಷಿಸುವವರಲ್ಲ. ಯಾವ ವೃತ್ತಿಯವರೂ ತಮ್ಮ ಕೂಲಿಯನ್ನು ಬೇರೊಬ್ಬನು ಗೊತ್ತುಮಾಡಲೆಂದು ತಾವಾಗಿ ಬೇಡಿಕೊಳ್ಳರು. ಪರಂತು ಜಪಾನಿನ ವೈದ್ಯರೂ ಮನುಷ್ಯರೇ, ಅವರೂ ಸಂಸಾರಸ್ಥರೇ. ದೇಶದ ಸಮಸ್ತ ರೋಗಿಗಳ ಹಣವು ಒಂದೇ ದರಪಟ್ಟಿಯಂತೆ ಬರುವಲ್ಲಿ ಆ ಪಟ್ಟಿಗೆ ಬೆಲೆ ಉಂಟು. ಒಬ್ಬೊಬ್ಬ ರೋಗಿಯೂ ಒಬ್ಬಂಟಿಯಾಗಿ ಕೌಂಟರಿನ ಮುಂದೆ ನಿಂತಲ್ಲಿ ಯಾವ ಪಟ್ಟಿಯೂ ನಿಲ್ಲದು.

"ಅದು ಶ್ರೀಮಂತ ರಾಷ್ಟ್ರ, ಅವರಿಗೆ ಸಾಧ್ಯವಾಯಿತು" ಎಂದು ನಮ್ಮ ಅಧಿಕಾರಿ ಮಿತ್ರರು ಹೇಳುವುದನ್ನು ನಾವು ಬಲ್ಲೆವು. ಈ ಮಾತು ಚರಿತ್ರೆಗೆ ಒಪ್ಪುವಂತಹದಲ್ಲ. ಜಪಾನು ಸಮಸ್ತ ಪ್ರಜೆಗಳಿಗೂ ವಿಮೆಯನ್ನು ಪೂರ್ಣಗೊಳಿಸಿದುದು 1961ರಲ್ಲಿ, ಯುದ್ಧದಲ್ಲಿ ಸುಟ್ಟು ಬೂದಿಯಾದ ಹದಿನಾರು ವರ್ಷಗಳೊಳಗೆ. 1947ರಲ್ಲಿ ಅಲ್ಲಿನ ಪುರುಷರ ಸರಾಸರಿ ಆಯುಸ್ಸು 50 ವರ್ಷ, ಸ್ತ್ರೀಯರದು 54. 1950ರ ತನಕ ಅಲ್ಲಿ ಜನರನ್ನು ಅತ್ಯಧಿಕವಾಗಿ ಕೊಲ್ಲುತ್ತಿದ್ದುದು ಕ್ಷಯರೋಗ. ಈಗ ಪುರುಷರಿಗೆ 81, ಸ್ತ್ರೀಯರಿಗೆ 87 ವರ್ಷ.

ಅದಕ್ಕೂ ಹಿಂದಕ್ಕೆ ಹೋದರೆ ನಮಗೆ ಇನ್ನೂ ಹತ್ತಿರವಾದ ಸಂಗತಿಯೊಂದು ಕಾಣುತ್ತದೆ. ಕ್ಯೂಶೂ ದ್ವೀಪದ ಫುಕುವೋಕಾ ಪ್ರಾಂತದ ಮುನಾಕಾತಾ ಎಂಬ ಸೀಮೆಯಲ್ಲಿ ರೈತರು ತಮ್ಮ ತಮ್ಮ ಶಕ್ತ್ಯನುಸಾರ ಅಕ್ಕಿಯನ್ನು ಒಟ್ಟುಗೂಡಿಸಿ ಊರಿನ ವೈದ್ಯನಿಗೆ ಒಪ್ಪಿಸುತ್ತಿದ್ದರು; ಸೀಕು ಬಂದವನನ್ನು ವೈದ್ಯನು ನೋಡಬೇಕು, ಉಳ್ಳವನು ಹೆಚ್ಚು ಕೊಡಬೇಕು, ಇಲ್ಲದವನು ಕಡಮೆ ಕೊಡಬೇಕು. 1938ರಲ್ಲಿ ಸರಕಾರವು ಹಳ್ಳಿಗರಿಗಾಗಿ ವಿಮಾಶಾಸನವನ್ನು ಮಾಡಿದಾಗ ಈ ಪದ್ಧತಿಯನ್ನು ಮಾದರಿಯಾಗಿ ಪರಿಶೀಲಿಸಿತು. ಸೈನ್ಯಕ್ಕೆ ಗಟ್ಟಿಮುಟ್ಟಾದ ತರುಣರು ಬೇಕೆಂಬ ಉದ್ದೇಶವೂ ಆ ಶಾಸನದ ಹಿಂದೆ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ.

ಎರಡನೆಯ ಸಂಗತಿ ನಾಗಾನೋ ಪ್ರಾಂತದ ಸಾಕು ಎಂಬ ಊರಿನದು. ಅಲ್ಲಿನ ಆಸ್ಪತ್ರೆಯು ಕೃಷಿಕರ ಸಹಕಾರ ಸಂಘಗಳಿಂದ ನಡೆಯತಕ್ಕದ್ದು. 1945ರಲ್ಲಿ ತೊಶಿಕಾಜು ವಾಕಾತ್ಸುಕಿ ಎಂಬ ಶಸ್ತ್ರವೈದ್ಯರು ತೋಕಿಯೋ ನಗರವನ್ನು ಬಿಟ್ಟು ಅಲ್ಲಿಗೆ ಬಂದರು. ರೈತನು ಬೇನೆಯನ್ನು ಸಹಿಸಿ ಸಹಿಸಿ, ಇನ್ನು ಸಹಿಸಲಾರೆನೆಂಬಾಗಲೇ ಆಸ್ಪತ್ರೆಗೆ ಬರುವನೆಂಬುದನ್ನು ಕಂಡು, ತಾವೇ ಹಳ್ಳಿ ಹಳ್ಳಿಗೆ ಹೋಗತೊಡಗಿದರು. ಬರಿಯ ಉಪನ್ಯಾಸಕ್ಕೆ ಜನ ಕಿವಿಗೊಡರೆಂದು ತಿಳಿದು, ದಾದಿಯರನ್ನೂ ವೈದ್ಯರನ್ನೂ ಕೂಡಿಸಿಕೊಂಡು ನಾಟಕ ಕಟ್ಟಿ ಆಡಿದರು! ಯಕ್ಷಗಾನದ ಚೆಂಡೆಯ ಸದ್ದು ಕೇಳಿದರೆ ನಿದ್ದೆ ಬಿಟ್ಟು ಗದ್ದೆಗೆ ನಡೆಯುವ ನಮ್ಮ ಸೀಮೆಯವರಿಗೆ ಈ ಉಪಾಯದ ಸೊಗಸು ತಿಳಿಯದಿರದು. 1959ರಿಂದ ಯಾಚಿಹೋ ಎಂಬ ಗ್ರಾಮದಲ್ಲಿ ಊರಿಗೆ ಊರನ್ನೇ ವರ್ಷಕ್ಕೊಮ್ಮೆ ಪರೀಕ್ಷಿಸಿ, ಪ್ರತಿಯೊಬ್ಬರ ಆರೋಗ್ಯದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟರು. ಆ ಬೆಟ್ಟಸೀಮೆಯವರು ಚಳಿಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ತರಕಾರಿಯನ್ನು ಹೇರಳವಾಗಿ ತಿನ್ನುವವರು. ಪಾರ್ಶ್ವವಾಯುವಿನಿಂದ ಸಾಯುವವರೂ ಹೆಚ್ಚು. ಉಪ್ಪನ್ನು ಕಡಮೆ ಮಾಡಿಸಿದರು, ರಕ್ತದೊತ್ತಡವನ್ನು ಮೊದಲೇ ಹಿಡಿದರು. ನಾಗಾನೋ ಪ್ರಾಂತವು ಮುಂದೆ ದೀರ್ಘಾಯುಸ್ಸಿನಲ್ಲಿ ಆ ದೇಶಕ್ಕೇ ಮುಂಚೂಣಿಯಲ್ಲಿ ನಿಂತಿತು. ವಾಕಾತ್ಸುಕಿಯವರಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಮಿಡಿ ಉಪ್ಪಿನಕಾಯಿಯನ್ನೂ ಭರಣಿಯಲ್ಲಿ ಹಾಕಿದ ಉಪ್ಪುಸೊಳೆಯನ್ನೂ ಮಳೆಗಾಲವಿಡೀ ಸವಿಯುವ ನಾವು ಈ ಕಥೆಯನ್ನು ಕೊಂಚ ಲಕ್ಷ್ಯವಿಟ್ಟು ಕೇಳುವುದು ಲೇಸು.

ಸಹಕಾರದ ವಿಚಾರದಲ್ಲಿ ಪುತ್ತೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಈ ಊರಿನಲ್ಲಿದ್ದುಕೊಂಡೇ ಜಿಲ್ಲೆಯ ಸಹಕಾರ ಚಳವಳಿಯನ್ನು ಕಟ್ಟಿದರು; ಈಗ ಮಂಗಳೂರಿನಲ್ಲಿ ನೆಲೆಸಿರುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಆರಂಭವಾದುದು ಪುತ್ತೂರಿನಲ್ಲಿಯೇ. ಅಡಿಕೆಯ ಧಾರಣೆ ಬಿದ್ದು ಬೆಳೆಗಾರರು ಕಂಗೆಟ್ಟಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಅದರ ಚಾಕೊಲೇಟು ಕಾರ್ಖಾನೆ ಪುತ್ತೂರಿಗೆ ಬಂದಿತು. ಗ್ರಾಮ ಗ್ರಾಮದಲ್ಲಿಯೂ ಕೃಷಿ ಪತ್ತಿನ ಸಂಘ ಉಂಟು, ಅದಕ್ಕೆ ಕಟ್ಟಡ ಉಂಟು, ಗುಮಾಸ್ತರುಂಟು, ಸದಸ್ಯರ ಪಟ್ಟಿ ಉಂಟು. ಜಪಾನಿನ ಹಳ್ಳಿಗರ ಕೈಯಲ್ಲಿ 1938ರಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಹಾಗಿದ್ದೂ ನಮ್ಮ ಸಂಘಗಳು ಅಡಿಕೆ ಮರದ ಆರೋಗ್ಯಕ್ಕೆ ಸಾಲ ಕೊಡುವುವೇ ಹೊರತು ಮರ ಹತ್ತುವವನ ಆರೋಗ್ಯವನ್ನು ವಿಚಾರಿಸುವುದು ಅಪರೂಪ. ಮಳೆಗೆ ಮುಂಚೆಯೇ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯದವನನ್ನು ನಾವು ಮೂರ್ಖನೆನ್ನುವೆವು. ಕೊಳೆರೋಗ ಬಂದ ಮೇಲೆ ಹೊಡೆದು ಫಲವೇನೆಂದು ಗದರುವೆವು. ಅದೇ ಯಜಮಾನನು ತನ್ನ ರಕ್ತದೊತ್ತಡವನ್ನು ನೋಡಿಸಿಕೊಳ್ಳುವುದು ಬಾಯಿ ಸೊಟ್ಟಗಾದ ದಿನ!

ಯಶಸ್ವಿನಿ ಯೋಜನೆಯನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ, ವರ್ಷಕ್ಕೆ 60 ರೂಪಾಯಿ ವಂತಿಗೆಯಲ್ಲಿ ಅದು ಹುಟ್ಟಿದಾಗ ಭಾರತದಲ್ಲೇ ಅಂತಹ ಪ್ರಯತ್ನ ವಿರಳವಾಗಿತ್ತು. ಅದನ್ನು 2018ರಲ್ಲಿ ಬೇರೆ ಯೋಜನೆಯೊಳಗೆ ಕರಗಿಸಿದರು. 2022ರಲ್ಲಿ ಮತ್ತೆ ಎಬ್ಬಿಸಿದರು. ನೆಟ್ಟ ಗಿಡವನ್ನು ಕಿತ್ತು ಮತ್ತೆ ನೆಡುವ ಈ ಆಟದಲ್ಲಿ ಬೇರು ಊರುವುದೆಂದು? ಅದಲ್ಲದೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗಾಗಿ ಇರುವಂತಹದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ನಿತ್ಯದ ಗುಳಿಗೆಗೆ ಒದಗುವುದಿಲ್ಲ. ಇಷ್ಟವಿದ್ದವರು ಮಾತ್ರ ಸೇರಬಹುದೆಂಬುದು ಇನ್ನೊಂದು ಕುಂದು. ಸೇರುವುದು ಇಚ್ಛೆಗೆ ಬಿಟ್ಟ ವಿಷಯವಾದರೆ ಸೀಕಿನವನು ಓಡಿ ಬರುವನು, ಗಟ್ಟಿಯಿರುವವನು ದೂರ ನಿಲ್ಲುವನು, ಹುಂಡಿ ಬರಿದಾಗುವುದು. ಜಪಾನೀಯರೂ ಮೊದಲು ಇಚ್ಛೆಗೆ ಬಿಟ್ಟು ನೋಡಿ, 1948ರಲ್ಲಿ ಆಡಳಿತವನ್ನು ಸಂಘಗಳಿಂದ ಗ್ರಾಮಸಭೆ, ಪುರಸಭೆಗಳಿಗೆ ಒಪ್ಪಿಸಿ, 1958ರ ಶಾಸನದಿಂದ ಎಲ್ಲರಿಗೂ ಕಡ್ಡಾಯಗೊಳಿಸಿದರು. ಆದುದರಿಂದ ವಿಮೆಯ ಪೂರ್ಣಭಾರವನ್ನು ಸಂಘಗಳೇ ಹೊರಲೆಂದು ನಾವು ಹೇಳುವುದಿಲ್ಲ. ಅದು ಸರಕಾರದ ಹೊಣೆ. ರೇಖೆಗೆ ಮೇಲಿನವರಿಗೂ ನೂರಕ್ಕೆ 70ನ್ನು ಒದಗಿಸುವ, ಅವರಿಂದ ವರಮಾನಕ್ಕೆ ತಕ್ಕ ವಂತಿಗೆಯನ್ನು ನಿಷ್ಠುರವಾಗಿ ವಸೂಲು ಮಾಡುವ ಶಾಸನ ಬರಬೇಕು. ವಂತಿಗೆಯ ಹೆಸರು ಹೇಳಲು ನಮ್ಮ ಮಂತ್ರಿಗಳು ಅಂಜುವರು. ಪುಕ್ಕಟೆಯ ಹೆಸರು ಹೇಳಲು ಅಂಜರು. ಜಪಾನನ್ನು ಹೊಗಳುವ ನಮ್ಮ ಪೇಟೆಯ ಮಹನೀಯರೂ ಅಲ್ಲಿನವರು ಸಂಬಳದಿಂದ ತೆರುವ ಪಾಲನ್ನು ಕೇಳಿದೊಡನೆ ಮಾತು ತಿರುಗಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಜಪಾನಿನದು ರಾಮರಾಜ್ಯವೆಂದು ಯಾರೂ ಭ್ರಮಿಸಬೇಕಾಗಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದು ಮೂರು ನಿಮಿಷ ವೈದ್ಯರ ದರ್ಶನವೆಂದು ಮಿತ್ರರೇ ನಕ್ಕರು. ಕುಷ್ಠರೋಗಿಗಳನ್ನು ಬೇರ್ಪಡಿಸಿ ಇಡುವ ಶಾಸನವನ್ನು ಆ ದೇಶವು 1996ರ ತನಕ ರದ್ದುಮಾಡಲಿಲ್ಲ. ದುಡಿದು ದುಡಿದೇ ಸಾಯುವುದಕ್ಕೆ ಅವರ ಭಾಷೆಯಲ್ಲಿ ಒಂದು ಪ್ರತ್ಯೇಕ ಶಬ್ದವೇ ಉಂಟಂತೆ. ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ದಿನಗಳಲ್ಲಿ ತಮ್ಮನ್ನು ನೋಡಲು ಬಂದವರು ಪತ್ನಿಯೊಬ್ಬಳೇ ಎಂದೂ, ಪಕ್ಕದ ಹಾಸಿಗೆಯ ವೃದ್ಧರಿಗೆ ಅವಳೂ ಇರಲಿಲ್ಲವೆಂದೂ ಹೇಳುವಾಗ ಅವರ ಸ್ವರ ತಗ್ಗಿತು. ನಮ್ಮಲ್ಲಿ ಒಬ್ಬನು ಆಸ್ಪತ್ರೆ ಸೇರಿದರೆ ಗಂಜಿಯ ಪಾತ್ರೆ ಹಿಡಿದುಕೊಂಡು ಹತ್ತು ಮಂದಿ ಹೋಗುವರು. ಆ ಹತ್ತು ಮಂದಿಯಲ್ಲಿ ಯಾರಿಂದಲೂ ಬಿಲ್ಲು ಕಟ್ಟಲು ಆಗುವುದಿಲ್ಲವೆಂಬುದು ಬೇರೆ ಮಾತು.

ಸಂಘಗಳು ಸರಕಾರದ ದಾರಿ ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಸಂಘದ ಅಂಗಳದಲ್ಲಿ ವರ್ಷಕ್ಕೊಂದು ದಿನ, ಸದಸ್ಯರಿಗೆ ಮಾತ್ರವಲ್ಲ, ಅವರ ಮನೆಯ ಹೆಂಗಸರಿಗೂ ತೋಟದ ಕೆಲಸದವರಿಗೂ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ. ಬಂದ ಅಂಕಿಗಳನ್ನು ಬರೆದಿಡಲು ಮನೆಗೊಂದು ಪುಸ್ತಕ. ಜಪಾನಿನಲ್ಲಿ ಪ್ರತಿಯೊಬ್ಬ ಗರ್ಭಿಣಿಗೂ ಪುರಸಭೆಯು ಇಂತಹ ಪುಸ್ತಕವನ್ನು ಕೊಡುವುದು. 1942ರಲ್ಲಿ, ಯುದ್ಧದ ನಡುವೆಯೇ ಅದು ಆರಂಭವಾಯಿತು. ಮಿತ್ರರ ಮಗಳ ಪುಸ್ತಕವನ್ನು ನಾವು ಕೈಯಲ್ಲಿ ಹಿಡಿದು ನೋಡಿದೆವು: ಹುಟ್ಟಿದ ತೂಕ, ಹಾಕಿಸಿದ ಚುಚ್ಚುಮದ್ದು, ಮೊದಲ ಹಲ್ಲು, ಎಲ್ಲಕ್ಕೂ ಅದರಲ್ಲಿ ಸ್ಥಳ ಉಂಟು. ವೈದ್ಯರಿಗಾಗಿ ದೂರ ಹೋಗಬೇಕಾಗಿಲ್ಲ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜೇ ಇದೆ, ಪುತ್ತೂರಿನಲ್ಲಿ ತಾಲೂಕು ಆಸ್ಪತ್ರೆ ಇದೆ. ಹಳದಿ ರೋಗದಿಂದ ತೋಟ ಕಳಕೊಂಡ ಸಂಪಾಜೆ, ಅರಂತೋಡಿನ ಕಡೆಯ ಸಂಘಗಳಿಗೆ ಖರ್ಚು ಕಷ್ಟವಾದರೆ ಉಳ್ಳ ಸಂಘಗಳು ಕೈಗೂಡಿಸಲಿ.

ಮಿತ್ರರು ಮರಳಿ ಹೋಗುವ ಮುನ್ನ ತಮ್ಮ ತಂದೆಯ ಹೆಸರಿನಲ್ಲಿ ಊರಿನ ಸಂಘಕ್ಕೆ ರಕ್ತದೊತ್ತಡ ನೋಡುವ ಎರಡು ಯಂತ್ರಗಳನ್ನು ಕೊಟ್ಟುಹೋದರು. ಅವು ಸಂಘದ ಕಪಾಟಿನಲ್ಲಿ ಭದ್ರವಾಗಿರುವುದಾಗಿ ಕಾರ್ಯದರ್ಶಿಗಳು ನಮಗೆ ತಿಳಿಸಿದ್ದಾರೆ. ಅವನ್ನು ಹೊರತೆಗೆಯುವ ದಿನ ಯಾವುದೆಂಬುದನ್ನು ಮುಂದಿನ ಮಹಾಸಭೆಯಲ್ಲಿ ಸದಸ್ಯರು ಎದ್ದುನಿಂತು ಕೇಳಬೇಕಾಗಿದೆ.