ಆರು ದಿನದ ಪರೀಕ್ಷೆ: ಒಳಗೆ ಎಲ್ಲರಿಗೂ ಒಂದೇ ಗೆರೆ, ಗೇಟಲ್ಲಿ ಮಾತ್ರ ಬೇರೆ ಲೆಕ್ಕ



ಮೆರಿಟ್ ಬಗ್ಗೆ ನಮ್ಮಲ್ಲಿ ನಡೆಯೋ ಜಗಳ ಯಾವಾಗಲೂ ಪರೀಕ್ಷಾ ಹಾಲ್‌ನಲ್ಲಿ ಶುರುವಾಗಿ ಕಟಾಫ್ ಪಟ್ಟಿಯಲ್ಲಿ ಮುಗಿಯುತ್ತೆ. ಇವತ್ತು ಅದನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿ ಮಾತಾಡ್ತೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೋಟರ್‌ಸೈಕಲ್ ಟ್ರಯಲ್ ಅಂತ ಒಂದು ಸ್ಪರ್ಧೆ ಇದೆ. ಅದು ರೇಸ್ ಅಲ್ಲ. ಟ್ರಯಲ್ ಅಂದ್ರೆ ಕೋರ್ಟಿನ ವಿಚಾರಣೆ ಅಂತ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು, ತಾರೀಖಿನ ಮೇಲೆ ತಾರೀಖು ಅಲೆದವರು ನಾವು. ಆ ಪದಕ್ಕೆ ಪರೀಕ್ಷೆ ಅನ್ನೋ ಅರ್ಥವೂ ಇದೆ. ಮೋಟರ್‌ಸೈಕಲ್ ಹೊಸದಾಗಿ ಬಂದಾಗ ಈ ಯಂತ್ರ ಗುಡ್ಡ ಹತ್ತುತ್ತಾ, ದಿನಗಟ್ಟಲೆ ಓಡಿದ್ರೆ ಉಳಿಯುತ್ತಾ ಅನ್ನೋ ಅನುಮಾನ ಯುರೋಪಿನ ಜನಕ್ಕಿತ್ತು. ಆ ಅನುಮಾನ ತೀರಿಸೋಕೆ ಹುಟ್ಟಿದ್ದೇ ಈ ಟ್ರಯಲ್‌ಗಳು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ 1909ರಲ್ಲಿ ಒಂದು ಶುರುವಾಯ್ತು, ಇವತ್ತಿಗೂ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅಂತ ನಡೀತಿದೆ. ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ 1913ರಲ್ಲಿ ಇನ್ನೊಂದು ಶುರುವಾಯ್ತು, ಅದರ ಹೆಸರು ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್. 1981ರಿಂದ ಅದನ್ನ ಸಿಕ್ಸ್ ಡೇಸ್ ಎಂಡ್ಯೂರೋ ಅಂತ ಕರೀತಾರೆ.

ಸ್ಕಾಟ್ಲೆಂಡಿನದ್ದರಲ್ಲಿ ಸ್ಪೀಡಿಗೆ ಬೆಲೆಯೇ ಇಲ್ಲ. ಬಂಡೆ, ಹಳ್ಳ, ಕೆಸರಿನ ಮೇಲೆ ಒಂದಿಷ್ಟು ದೂರ ಗುರುತು ಹಾಕಿರ್ತಾರೆ. ಕಾಲು ಊರದೆ ದಾಟಿದ್ರೆ ಸೊನ್ನೆ, ಸೊನ್ನೆಯೇ ಅಲ್ಲಿ ಒಳ್ಳೇ ಅಂಕ. ಒಂದು ಸಲ ಕಾಲು ಊರಿದ್ರೆ ಒಂದು, ಎರಡು ಸಲಕ್ಕೆ ಎರಡು, ಅದಕ್ಕಿಂತ ಜಾಸ್ತಿಯಾದ್ರೆ ಮೂರು, ದಾಟೋಕೇ ಆಗದಿದ್ರೆ ಐದು. ಡಗ್ಗಿ ಲ್ಯಾಂಪ್‌ಕಿನ್ ಅನ್ನೋ ಸವಾರ ಅದನ್ನ 14 ಸಲ ಗೆದ್ದಿದ್ದಾರೆ. ಅವರು ಹತ್ತೋ ಬಂಡೆಯನ್ನೇ ಮೊದಲ ಸಲ ಬಂದವನೂ ಹತ್ತಬೇಕು. ಚಾಂಪಿಯನ್ ಕಾಲು ನೆಲಕ್ಕೆ ತಾಗಿದ್ರೂ ಒಂದು, ಹೊಸಬನ ಕಾಲು ತಾಗಿದ್ರೂ ಒಂದು.

ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡಿರೋದು ಇನ್ನೊಂದರ ಬಗ್ಗೆ, ಆ ಇಂಟರ್‌ನ್ಯಾಷನಲ್ ಟ್ರಯಲ್ ಬಗ್ಗೆ. ಅದರ ನಿಯಮ ಕೇಳಿ. ದಿನಾ ಇಷ್ಟು ದೂರ, ಇಂಥ ಕಡೆ ಇಂಥ ನಿಮಿಷಕ್ಕೆ ಹಾಜರಿ. ತಡವಾದ್ರೆ ಅಂಕ ಹೋಗುತ್ತೆ. ರಾತ್ರಿ ಗಾಡಿಗಳನ್ನೆಲ್ಲ ಬೇಲಿ ಹಾಕಿದ ಜಾಗದಲ್ಲಿ ಇಡ್ತಾರೆ, ಬೆಳಿಗ್ಗೆ ತನಕ ಸವಾರನೂ ಮುಟ್ಟೋ ಹಾಗಿಲ್ಲ. ಎಂಜಿನ್, ಫ್ರೇಮು, ಚಕ್ರಕ್ಕೆಲ್ಲ ಬಣ್ಣದ ಗುರುತು ಹಾಕಿರ್ತಾರೆ, ಕದ್ದು ಬದಲಾಯಿಸೋ ಹಾಗಿಲ್ಲ. ರಿಪೇರಿ ಬಂದ್ರೆ ಸವಾರ ತನ್ನ ಕೈಯಿಂದಲೇ ಮಾಡ್ಕೋಬೇಕು. ಹೊರಗಿನ ಮೆಕ್ಯಾನಿಕ್ ಒಂದು ನಟ್ಟು ತಿರುಗಿಸಿಕೊಟ್ರೂ ಔಟ್. "ಮುಟ್ಟಬೇಡ" ಅನ್ನೋ ಮಾತನ್ನ ನಾವು ತಲೆಮಾರುಗಳಿಂದ ಕೇಳಿದ್ದೀವಿ. ಆ ಮಾತು ನ್ಯಾಯದ ಪರ ನಿಂತಿದ್ದನ್ನ ನಾನು ನೋಡಿದ್ದು ಈ ಆಟದ ನಿಯಮ ಪುಸ್ತಕದಲ್ಲಿ.

ಇನ್ನು ಪದಕ. ಓಟದ ಸ್ಪರ್ಧೆಯಲ್ಲಿ ಚಿನ್ನ ಒಬ್ಬನಿಗೆ. ಇಲ್ಲಿ ಹಾಗಲ್ಲ. ಚಿನ್ನಕ್ಕೆ ಒಂದು ಮಟ್ಟ ಇಟ್ಟಿರ್ತಾರೆ. ಈಗಿನ ಲೆಕ್ಕದಲ್ಲಿ ಆ ವರ್ಗದ ಅತ್ಯುತ್ತಮ ಸವಾರನ ಸಮಯಕ್ಕಿಂತ ಶೇ 10ರೊಳಗೆ ಬಂದವರಿಗೆಲ್ಲ ಚಿನ್ನ. ಅದರ ನಂತರದ ಮಟ್ಟಕ್ಕೆ ಬೆಳ್ಳಿ. ಆರೂ ದಿನ ಮಿತಿಯೊಳಗೆ ಮುಗಿಸಿದವರಿಗೆ ಕಂಚು. ಹತ್ತು ಜನ ಆ ಮಟ್ಟ ಮುಟ್ಟಿದ್ರೆ ಹತ್ತು ಚಿನ್ನ, ನಲವತ್ತು ಜನ ಮುಟ್ಟಿದ್ರೆ ನಲವತ್ತು. ನನಗೆ ಚಿನ್ನ ಬಂತು ಅಂದ್ರೆ ಪಕ್ಕದವನಿಂದ ಕಿತ್ಕೊಂಡೆ ಅಂತ ಅರ್ಥ ಅಲ್ಲ.

"ಹಾಗಾದ್ರೆ ಸಲೀಸು ಬಿಡಿ, ಎಲ್ಲರಿಗೂ ಹಂಚ್ತಾರೆ" ಅಂತ ಕೆಲವರು ಅನ್ಬಹುದು. ಅವರಿಗೆ 1964ರ ಕತೆ ಹೇಳಬೇಕು. ಆ ವರ್ಷ ಪೂರ್ವ ಜರ್ಮನಿಯ ಎರ್‌ಫುರ್ಟ್‌ನಲ್ಲಿ ಟ್ರಯಲ್ ನಡೀತು. ಅಮೆರಿಕ ಅಧಿಕೃತ ತಂಡ ಕಳಿಸಿದ್ದು ಅದೇ ಮೊದಲು. ತಂಡದಲ್ಲಿ ಹಾಲಿವುಡ್ ನಟ ಸ್ಟೀವ್ ಮಕ್ವೀನ್ ಇದ್ದರು. ಹಿಂದಿನ ವರ್ಷವಷ್ಟೇ "ದ ಗ್ರೇಟ್ ಎಸ್ಕೇಪ್" ಸಿನಿಮಾ ಬಂದಿತ್ತು. ಅದರಲ್ಲಿ ತಂತಿ ಬೇಲಿ ಹಾರೋ ಬೈಕ್ ದೃಶ್ಯ ಲೋಕವೆಲ್ಲ ಮಾತಾಡಿಕೊಂಡಿತ್ತು. ನಿಜವಾಗಿ ಆ ಬೇಲಿ ಹಾರಿದ್ದು ಮಕ್ವೀನ್ ಅಲ್ಲ, ಅವರ ಗೆಳೆಯ ಬಡ್ ಎಕಿನ್ಸ್. ಆ ಎಕಿನ್ಸ್ ಕೂಡ ಇದೇ ತಂಡದಲ್ಲಿದ್ದರು. ಮಕ್ವೀನ್ ದೇಶದ ಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆದ್ರು. ಮೂರನೇ ದಿನ ಗಾಡಿ ಸಮೇತ ಬಿದ್ದು ಸ್ಪರ್ಧೆಯಿಂದ ಹೊರಗಾದ್ರು. ಬಡ್ ಎಕಿನ್ಸ್ ಕಾಲು ಮುರಿದುಕೊಂಡ್ರು. ಚಿನ್ನ ಬಂದಿದ್ದು ತಂಡದ ಇನ್ನಿಬ್ಬರಿಗೆ: ಡೇವ್ ಎಕಿನ್ಸ್ ಮತ್ತು ಕ್ಲಿಫ್ ಕೋಲ್ಮನ್. ಸಿನಿಮಾದಲ್ಲಿ ನಾಯಕನಿಗೆ ಡೂಪ್ ಸಿಗ್ತಾನೆ, ಟ್ರಯಲ್‌ನಲ್ಲಿ ಸಿಗಲ್ಲ. ಗೆರೆ ಮುಟ್ಟಿದವರಿಗೆಲ್ಲ ಚಿನ್ನ ಅಂದ ಮಾತ್ರಕ್ಕೆ ಗೆರೆ ಕೆಳಗಿದೆ ಅಂತಲ್ಲ.

ಇನ್ನೂ ಹಿಂದಕ್ಕೆ ಹೋದ್ರೆ 1927. ಇಂಗ್ಲೆಂಡಿನ ಆಂಬಲ್‌ಸೈಡ್. ಮಾರ್ಜರಿ ಕಾಟಲ್, ಈಡಿತ್ ಫೋಲಿ, ಲೂಯಿ ಮೆಕ್ಲೀನ್ ಅನ್ನೋ ಮೂವರು ಹೆಂಗಸರ ಬ್ರಿಟಿಷ್ ತಂಡ ಆ ವರ್ಷದ ಇಂಟರ್‌ನ್ಯಾಷನಲ್ ಸಿಲ್ವರ್ ವೇಸ್ ಗೆದ್ದಿತು. ಬ್ರಿಟನ್ನಿನಲ್ಲಿ 21 ವರ್ಷ ತುಂಬಿದ ಎಲ್ಲ ಹೆಂಗಸರಿಗೂ ಗಂಡಸರ ಸಮಕ್ಕೆ ಮತದ ಹಕ್ಕು ಬಂದಿದ್ದು ಅದರ ಮಾರನೇ ವರ್ಷ, 1928ರಲ್ಲಿ. ಪಾರ್ಲಿಮೆಂಟಿಗಿಂತ ಒಂದು ವರ್ಷ ಮೊದಲೇ ಗುಡ್ಡದ ಹಾದಿ, ಗಡಿಯಾರ, ಅಂಕದ ಚೀಟಿ ಅವರನ್ನ ಸಮ ಅಂತ ಒಪ್ಪಿದ್ವು.

ಈಗ ನನ್ನ ಮಾತು. ನಾನು ಆರು ದಿನದ್ದು ಓಡಿಸಿಲ್ಲ. ಹದಿನೈದು ವರ್ಷದ ಹಿಂದೆ ನಮ್ಮ ಸೀಮೆಯಲ್ಲೇ ನಡೆದ ಮೂರು ದಿನದ್ದೊಂದು ಓಡಿಸಿದೀನಿ. ಮೈಸೂರಿಂದ ಹುಣಸೂರು ಮೇಲೆ ಮಡಿಕೇರಿ, ಎರಡನೇ ದಿನ ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದ ಸಕಲೇಶಪುರ, ಮೂರನೇ ದಿನ ಮೂಡಿಗೆರೆ ಹಾದು ಚಿಕ್ಕಮಗಳೂರು. ಕೈಯಲ್ಲಿ ಬಾಣದ ಗುರುತಿನ ದಾರಿ ಪುಸ್ತಕ, ಹೇಳಿದ ಸರಾಸರಿ ವೇಗ, ಅಲ್ಲಲ್ಲಿ ಗಡಿಯಾರ ಹಿಡಿದ ಮಾರ್ಷಲ್‌ಗಳು. ತಡವಾದ್ರೂ ದಂಡ, ಬೇಗ ಹೋದ್ರೂ ದಂಡ. ಗಾಡಿ ಚಿಕ್ಕಪ್ಪ ಗುಜರಿಯಿಂದ ಎತ್ತಿ ಕಟ್ಟಿದ ಯೆಜ್ಡಿ ರೋಡ್‌ಕಿಂಗ್. ಚಿಕ್ಕಪ್ಪ ಮೈಸೂರಿನ ಗ್ಯಾರೇಜೊಂದರಲ್ಲಿ ಜೀವಮಾನ ಸವೆಸಿದವರು. ಸೌಂಡ್ ಕೇಳಿಯೇ ರೋಗ ಹೇಳೋರು. ಹೊರಡೋವಾಗ ಅಂದಿದ್ದು ಇಷ್ಟೇ: "ಎರಡು ಪ್ಲಗ್ ಮಡಿಕೊ, ಒಂದು ಕ್ಲಚ್ ಕೇಬಲ್, ಒಂದು ಚೈನ್ ಲಾಕು. ಮಿಕ್ಕಿದ್ದು ನಿನ್ ಕೈಲೈತೆ ಮಗಾ."

ಮೊದಲ ರಾತ್ರಿ ಊಟದ ಹೊತ್ತಲ್ಲಿ ಪಕ್ಕದಲ್ಲಿ ಕೂತ ಒಬ್ಬ ಸವಾರರು ಊರು ಕೇಳಿದ್ರು, ಹೇಳಿದೆ. ಅಪ್ಪನ ಹೆಸರು ಕೇಳಿದ್ರು, ಹೇಳಿದೆ. ಆಮೇಲೆ "ಅಲ್ಲಿ ನಿಮ್ಮದು ಯಾವ ಕಡೆ?" ಅಂದ್ರು. ಈ ಪ್ರಶ್ನೆ ಗೊತ್ತಿಲ್ಲದೋರು ನಮ್ಮಲ್ಲಿ ಯಾರಿದೀರಿ? "ಕೇರಿ ಕಡೆ" ಅಂದೆ. ಮಾತು ಅಲ್ಲಿಗೇ ನಿಂತೋಯ್ತು.

ಮಾರನೇ ದಿನ ಮಳೆ. ಎಸ್ಟೇಟ್ ನಡುವಿನ ಮಣ್ಣು ದಾರಿ, ಜಾರುಗುಪ್ಪೆ. ನನ್ನ ಕ್ಲಚ್ ಕೇಬಲ್ ಪಟ್ ಅಂತ ಕಡೀತು. ಲೈನ್ ಮನೆಗಳ ಮುಂದೆ ಗಾಡಿ ನಿಲ್ಲಿಸಿ ಬಿಚ್ಚೋಕೆ ಕೂತೆ. ಮಕ್ಕಳೆಲ್ಲ ಸುತ್ತ ನಿಂತ್ವು. ಅಂಥದ್ದೇ ಲೈನ್ ಮನೆಯಲ್ಲಿ ನಮ್ಮವ್ವನ ತವರಿನೋರು ಕಾಫಿ ಕುಯ್ಲಿನ ಕಾಲದಲ್ಲಿ ಇರ್ತಿದ್ರು. ಬೆಳಿಗ್ಗೆ ರೈಟರ್ ಪುಸ್ತಕದಲ್ಲಿ ಹೆಸರು ಹತ್ತಿದ್ರೆ ಮಾತ್ರ ಆ ದಿನದ ಕೂಲಿ. ಅದೇ ಥರದ ಗೇಟಿನೊಳಗೆ ನಾನು ಎದೆ ಮೇಲೆ ನಂಬರ್ ಹಾಕ್ಕೊಂಡು ಹೋಗಿದ್ದೆ. ಒಬ್ಬ ಅಜ್ಜಿ ಚೊಂಬಲ್ಲಿ ನೀರು ತಂದು ಕೊಟ್ಟು "ಯಾರ ಗಾಡಿ ಮಗ?" ಅಂದ್ರು. "ನಂದೇ ಕಣವ್ವ" ಅಂದೆ. ಹನ್ನೊಂದು ನಿಮಿಷದಲ್ಲಿ ಕೇಬಲ್ ಹಾಕಿ ಎದ್ದೆ.

ಅಲ್ಲಿಂದ ಎರಡು ತಿರುವು ಆದ ಮೇಲೆ ಆ ರಾತ್ರಿಯ ಸವಾರರು ಪಂಕ್ಚರ್ ಆಗಿ ನಿಂತಿದ್ರು. ಲಕ್ಷಗಟ್ಟಲೆ ಬೆಲೆಯ ಗಾಡಿ. ಹಿಂದಿನ ಚಕ್ರ ಅವರು ಯಾವತ್ತೂ ತಾವೇ ಬಿಚ್ಚಿರಲಿಲ್ಲ. ನಿಯಮದ ಪ್ರಕಾರ ನಾನು ಕೈ ಹಾಕೋ ಹಾಗಿಲ್ಲ, ಬಾಯಲ್ಲಿ ಹೇಳಬಹುದು. "ಬ್ರದರ್, ಈ ಆಕ್ಸಲ್ ಯಾವ ಕಡೆಯಿಂದ ಎಳೀಬೇಕು?" ಅಂದ್ರು. ಹೇಳಿಕೊಟ್ಟೆ. ಈ ಸಲ ಅವರು ಕೇಳಿದ್ದ "ಯಾವ ಕಡೆ"ಗೆ ಉತ್ತರ ನನ್ನ ಹತ್ರ ಇತ್ತು, ಅವರಿಗೆ ಅದು ಬೇಕಿತ್ತು.

ಮೂರು ದಿನ ಮುಗೀತು. ಇಬ್ಬರೂ ಮಿತಿಯೊಳಗೆ ಬಂದ್ವಿ. ಇಬ್ಬರಿಗೂ ಅದೇ ಗಾತ್ರದ, ಅದೇ ದಾರದ ಪದಕ. ನನ್ನ ಅಂಕದ ಚೀಟಿಯಲ್ಲಿ ನಂಬರ್ ಇತ್ತು, ಸಮಯ ಇತ್ತು, ಕಡೆ ಇರಲಿಲ್ಲ. ಒಂದು ಪರೀಕ್ಷೆ ಹೀಗೂ ಇರೋಕಾಗುತ್ತೆ ಅಂತ ನನ್ನ ಮೈಗೆ ಗೊತ್ತಾಗಿದ್ದು ಆ ಮೂರು ದಿನದಲ್ಲಿ.

ಇಷ್ಟಕ್ಕೇ ನಿಲ್ಲಿಸಿದ್ರೆ ಇದು ಚಂದದ ಕತೆ ಆಗಿಬಿಡುತ್ತೆ. ನಿಲ್ಲಿಸಲ್ಲ. ಒಳಗಿನ ನಿಯಮ ಸಮ ಇತ್ತು, ಒಳಗೆ ಬರೋ ಗೇಟು ಸಮ ಇರಲಿಲ್ಲ. ಪ್ರವೇಶ ಶುಲ್ಕ, ಸ್ಪರ್ಧಾ ಲೈಸೆನ್ಸು, ಒಳ್ಳೇ ಹೆಲ್ಮೆಟ್, ಬೂಟು, ಜಾಕೆಟ್, ಪೆಟ್ರೋಲು ಎಲ್ಲ ಸೇರಿದ್ರೆ ಚಿಕ್ಕಪ್ಪನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹಾಸ್ಟೆಲ್ ಗೆಳೆಯರು ಚಂದಾ ಎತ್ತಿದ್ರು. ಬೂಟು ಒಬ್ಬನದು, ಜಾಕೆಟ್ ಇನ್ನೊಬ್ಬನದು. ಅಷ್ಟು ಜನ ತಳ್ಳಿದ್ದಕ್ಕೆ ನಾನೊಬ್ಬ ಒಳಗೆ ಬಿದ್ದೆ. ಅಲ್ಲಿ ಸೇರಿದ್ದೋರಲ್ಲಿ ಗ್ಯಾರೇಜಲ್ಲಿ ಕೆಲಸ ಮಾಡೋ ಹುಡುಗ ಅಂತ ನನಗೆ ಒಬ್ಬನೂ ಕಾಣಲಿಲ್ಲ. ಸ್ಪರ್ಧೆ ಕೇಳೋದು ಏನನ್ನ? ರಸ್ತೆ ಬದಿಯಲ್ಲಿ, ಮಳೆಯಲ್ಲಿ, ಕೈಗೆ ಸಿಕ್ಕ ಸಾಮಾನಲ್ಲಿ ಗಾಡಿ ಎಬ್ಬಿಸೋ ವಿದ್ಯೆಯನ್ನ. ಆ ವಿದ್ಯೆ ಯಾರ ಕೈಲಿದೆಯೋ ಅವರೇ ಗೇಟಿನ ಹೊರಗೆ.

ಮೈಸೂರಿನವರಿಗೆ ಇದು ಇನ್ನೂ ಚುಚ್ಚಬೇಕು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇದ್ದ ಗಾಡಿ ಮರೆಯೋಕಾಗುತ್ತಾ? ಮೂಲ ಜಾವಾ ಚೆಕೊಸ್ಲೊವಾಕಿಯದ್ದು. 1970ರಿಂದ 1974ರ ತನಕ ಐದು ವರ್ಷ ಸತತವಾಗಿ ಆರು ದಿನದ ಟ್ರಯಲ್‌ನ ದೊಡ್ಡ ಟ್ರೋಫಿ ಗೆದ್ದಿದ್ದು ಆ ದೇಶದ ತಂಡ, ಜಾವಾ ಅವರ ಹೆಮ್ಮೆಯ ಗಾಡಿ. ಅದೇ ವಂಶದ ಎಂಜಿನ್‌ಗಳನ್ನ ಜೋಡಿಸಿದ, ಬಿಚ್ಚಿದ, ಬದುಕಿಸಿದ ಕೈಗಳು ಮೈಸೂರಲ್ಲಿ ಎಷ್ಟಿಲ್ಲ! ನನ್ನ ಚಿಕ್ಕಪ್ಪನ ಕೈಯೂ ಅದರಲ್ಲಿ ಒಂದು. ಅವರನ್ನ ಯಾರೂ ಯಾವತ್ತೂ ಸ್ಟಾರ್ಟ್ ಗೆರೆಗೆ ಕರೀಲಿಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದ್ರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ರು. ಹೆಮ್ಮೆ ಇದೆ, ಇಬ್ಬರಿಗೂ ಸಲಾಂ. ನಮ್ಮ ನೆಲದಲ್ಲಿ ಈ ತಾಕತ್ತು ಇದೆ ಅನ್ನೋದಕ್ಕೆ ಅವರೇ ಸಾಕ್ಷಿ. ಗೇಟು ಅಗಲ ಆದ್ರೆ ಇನ್ನೆಷ್ಟು ಜನ ಬರಬಹುದು ಅನ್ನೋದು ನನ್ನ ಪ್ರಶ್ನೆ.

"ಆಟದಲ್ಲೂ ಇದನ್ನೆಲ್ಲ ಯಾಕೆ ತರ್ತೀರಿ?" ಅಂತ ಕೇಳೋರಿಗೆ ನೇರ ಉತ್ತರ: ನಾವು ತರ್ತಿಲ್ಲ, ಊಟದ ಟೇಬಲ್ಲಿಗೆ ಅದು ನಮಗಿಂತ ಮೊದಲೇ ಬಂದು ಕೂತಿರುತ್ತೆ. ಅಂಕದ ಚೀಟಿಯಲ್ಲಿ ಅದಕ್ಕೆ ಜಾಗ ಇಲ್ಲ ಅನ್ನೋದಕ್ಕೇ ನನಗೆ ಈ ಆಟ ಇಷ್ಟ.

ಕರ್ನಾಟಕದಲ್ಲಿ ಇಂಥ ಸ್ಪರ್ಧೆ ನಡೆಸೋ ಕ್ಲಬ್‌ಗಳಿಗೆ ನನ್ನ ಬೇಡಿಕೆ ಸಣ್ಣದು. ಒಂದು, ಹಳೇ ನೂರು–ನೂರಿಪ್ಪತ್ತೈದು ಸಿಸಿ ಗಾಡಿಗಳಿಗೇ ಒಂದು ವರ್ಗ ಇಡಿ. ಎರಡು, ಗ್ಯಾರೇಜ್ ಕೆಲಸಗಾರರಿಗೆ, ಐಟಿಐ ವಿದ್ಯಾರ್ಥಿಗಳಿಗೆ ಶುಲ್ಕ ಬಿಡಿ ಅಥವಾ ಅರ್ಧ ಮಾಡಿ. ಮೂರು, ಹೆಲ್ಮೆಟ್, ಬೂಟು, ಜಾಕೆಟ್ ಕ್ಲಬ್ಬಿನಿಂದಲೇ ಮೂರು ದಿನಕ್ಕೆ ಎರವಲು ಕೊಡಿ. ನಾಲ್ಕು, ಹುಡುಗಿಯರಿಗೂ ಇದೆಲ್ಲ ಸಿಗಲಿ, 1927ರಲ್ಲೇ ಉತ್ತರ ಸಿಕ್ಕ ಪ್ರಶ್ನೆಯನ್ನ ಮತ್ತೆ ಕೇಳಬೇಡಿ. ಐದು, ಗಡಿಯಾರವನ್ನ ಮಾತ್ರ ಒಂದು ಸೆಕೆಂಡೂ ಸಡಿಲ ಮಾಡಬೇಡಿ. ನಮಗೆ ರಿಯಾಯಿತಿ ನಿಮಿಷ ಬೇಡ, ಸ್ಟಾರ್ಟ್ ಗೆರೆ ತನಕ ದಾರಿ ಬೇಕು.

ಮೆರಿಟ್ ಮೆರಿಟ್ ಅಂತ ಎದೆ ತಟ್ಟಿಕೊಳ್ಳೋರು ಸಿಕ್ಕಿದ್ರೆ ಇನ್ಮೇಲೆ ಎರಡೇ ಪ್ರಶ್ನೆ ಕೇಳಿ. ನಿಮ್ಮ ಪರೀಕ್ಷೆಯಲ್ಲಿ ಗೆರೆ ಮುಟ್ಟಿದವರಿಗೆಲ್ಲ ಪದಕ ಇದೆಯಾ, ಇಲ್ಲಾ ಒಬ್ಬನನ್ನ ಕೆಳಗೆ ತಳ್ಳಿದ್ರೆ ಮಾತ್ರ ಇನ್ನೊಬ್ಬನಿಗೆ ಸಿಗುತ್ತಾ? ಗಾಡಿ ಕೆಟ್ಟಾಗ ನೀವೇ ಬಿಚ್ಚಿ ಕಟ್ಟಿದ್ರಾ, ಇಲ್ಲಾ ಬೇಲಿ ಆಚೆಯಿಂದ ಅಪ್ಪ, ಮಾವ, ಟ್ಯೂಷನ್ನು, ಪರಿಚಯ ಎಲ್ಲ ಬಂದು ಕೈ ಹಾಕಿ ಹೋದ್ವಾ? ಆರು ದಿನದ ಟ್ರಯಲ್‌ನ ನಿಯಮದಲ್ಲಿ ನೋಡಿದ್ರೆ, ನಮ್ಮೂರಿನ ಎಷ್ಟೋ ರ‍್ಯಾಂಕುಗಳು ಮೊದಲ ದಿನವೇ ಔಟ್.