ಹಲ್ಲಿಗೇಕೆ ಬೇರೆ ನ್ಯಾಯ?

ದೇಹದ ಯಾವ ಭಾಗಕ್ಕೆ ನೋವು ಬಂದರೂ ರೋಗಿಯ ಕೈಯಿಂದ ಕಾಸು ಕೇಳದೆ ಚಿಕಿತ್ಸೆ ಕೊಡುತ್ತೇವೆಂದು 1948ರ ಜುಲೈ 5ರಂದು ಬ್ರಿಟನ್ನಿನ ಲೇಬರ್ ಸರಕಾರ ತನ್ನ ಜನಕ್ಕೆ ಮಾತು ಕೊಟ್ಟಿತು. ಮೂರೇ ವರ್ಷಗಳಲ್ಲಿ ಆ ಮಾತು ಮುರಿಯಿತು. ಮುರಿದುದು ಹೃದಯದ ವಿಷಯದಲ್ಲಲ್ಲ, ಶ್ವಾಸಕೋಶದ ವಿಷಯದಲ್ಲಲ್ಲ. ಹಲ್ಲು ಮತ್ತು ಕನ್ನಡಕದ ವಿಷಯದಲ್ಲಿ. ಇಂದು ಬುದ್ಧಿಹಲ್ಲು ಅಡ್ಡ ಬೆಳೆದು ದವಡೆ ಊದಿಸಿಕೊಂಡು ಕುಳಿತ ಇಂಗ್ಲೆಂಡಿನ ದುಡಿಮೆಗಾರನು ಉಣ್ಣುತ್ತಿರುವುದು ಅಂದು ಬಿತ್ತಿದ ಬೆಳೆಯನ್ನೇ.

ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಹುಟ್ಟುವ ಈ ಕಡೆಯ ದವಡೆಹಲ್ಲಿಗೆ ಅನೇಕರ ಬಾಯಲ್ಲಿ ಸ್ಥಳ ಸಾಲದು. ಒಸಡಿನ ಕೆಳಗೆ ಅಡ್ಡಬಿದ್ದು, ಕೀವುಗಟ್ಟಿ, ಅನ್ನದ ತುತ್ತಿಗೂ ಬಾಯಿ ತೆರೆಯದಂತೆ ಮಾಡುತ್ತದೆ. ಅದನ್ನು ತೆಗೆಯಲು ಕೆಲವೊಮ್ಮೆ ಎಲುಬನ್ನೇ ಕೊರೆಯಬೇಕು. ಇದು ಸಿರಿವಂತರ ಅಂದಚಂದದ ಚಿಕಿತ್ಸೆಯಲ್ಲವೆಂಬುದನ್ನು ಒಮ್ಮೆ ಆ ನೋವು ತಿಂದವರಿಗೆ ಹೇಳಬೇಕಾಗಿಲ್ಲ.

1911ರಲ್ಲಿ ಲಾಯ್ಡ್ ಜಾರ್ಜರು ತಂದ ವಿಮಾ ಕಾಯಿದೆ ಕಂತು ಕಟ್ಟುವ ಕಾರ್ಮಿಕನಿಗೆ ವೈದ್ಯನನ್ನು ಕೊಟ್ಟಿತು. ಅವನ ಹೆಂಡತಿ ಮಕ್ಕಳಿಗೆ ಕೊಡಲಿಲ್ಲ. ಹಲ್ಲಿನ ಚಿಕಿತ್ಸೆಯಂತೂ ವಿಮಾ ಸಂಘದಲ್ಲಿ ಹಣ ಮಿಕ್ಕಿದರೆ ಸಿಗುವ ಪ್ರಸಾದವಾಗಿತ್ತು. ಮುಂದೆ ಖರ್ಚು ಬಾರದಿರಲೆಂದು ಮದುವೆಗೆ ಮುಂಚೆಯೇ ಹುಡುಗಿಯ ಹಲ್ಲುಗಳನ್ನೆಲ್ಲ ಕೀಳಿಸಿ, ಹಲ್ಲಿನ ಸೆಟ್ಟನ್ನು ಉಡುಗೊರೆಯಾಗಿ ಕೊಡುವ ರೂಢಿ ಬಡವರಲ್ಲಿ ಕೆಲವೆಡೆ ಇದ್ದಿತೆಂದರೆ ಓದುಗರು ನಂಬಲಾರರು. ಸ್ವತಃ ಗಣಿಯಲ್ಲಿ ದುಡಿದು ಮಂತ್ರಿಯಾದ ಅನ್ಯೂರಿನ್ ಬೆವಾನರು ಈ ಕಂತಿನ ಲೆಕ್ಕವನ್ನೇ ಬದಿಗಿಟ್ಟು, ತೆರಿಗೆಯ ಹಣದಿಂದ ಎಲ್ಲರಿಗೂ ಸಮನಾದ ಸೇವೆಯನ್ನು ಕಟ್ಟಿದರು. ವಿಮೆಯು ಯಾರು ಎಷ್ಟು ಕಟ್ಟಿದರೆಂದು ಕೇಳುತ್ತದೆ. ಸೇವೆಯು ಯಾರಿಗೆ ಏನು ಬೇಕೆಂದು ಕೇಳುತ್ತದೆ. ಸಮಾಜವಾದಿಗಳು ಮರೆಯಬಾರದ ಅಂತರ ಇದು.

1951ರ ಏಪ್ರಿಲ್‌ನಲ್ಲಿ ಅರ್ಥಮಂತ್ರಿ ಗೇಟ್ಸ್‌ಕೆಲ್ ಮಂಡಿಸಿದ ಮುಂಗಡಪತ್ರವು ಹಲ್ಲಿನ ಸೆಟ್ಟು ಹಾಗೂ ಕನ್ನಡಕದ ಬೆಲೆಯಲ್ಲಿ ಅರ್ಧವನ್ನು ರೋಗಿಯ ತಲೆಗೆ ಕಟ್ಟಿತು. ಅದರಿಂದ ಮೊದಲ ವರ್ಷ ಉಳಿಯುವ ಹಣ 1 ಕೋಟಿ 30 ಲಕ್ಷ ಪೌಂಡು. ಅದೇ ಸರಕಾರ ಕೊರಿಯಾ ಯುದ್ಧದ ಕಾಲದಲ್ಲಿ ಮೂರು ವರ್ಷದ ಶಸ್ತ್ರಾಸ್ತ್ರಕ್ಕೆಂದು ಯೋಜಿಸಿದ್ದು 470 ಕೋಟಿ! ಬೆವಾನರು ರಾಜೀನಾಮೆ ಎಸೆದು ಹೊರಬಂದರು. ಹೆರಾಲ್ಡ್ ವಿಲ್ಸನ್ ಮತ್ತು ಜಾನ್ ಫ್ರೀಮನ್ ಅವರನ್ನು ಹಿಂಬಾಲಿಸಿದರು. ಹಲ್ಲಿನ ಸೆಟ್ಟಿಗಾಗಿ ಮಂತ್ರಿಪದವಿ ಬಿಟ್ಟರೆಂದು ನಕ್ಕವರಿದ್ದರು. ಮರುವರ್ಷವೇ ಕನ್ಸರ್ವೇಟಿವ್ ಸರಕಾರ ಹಲ್ಲಿನ ಚಿಕಿತ್ಸೆಗೇ ಒಂದು ಪೌಂಡಿನ ಶುಲ್ಕ ಹಾಕಿತು. ತೆರೆದ ಬಾಗಿಲಲ್ಲಿ ನುಗ್ಗಲು ಅವರಿಗೇನು ಕಷ್ಟ?

ಈಗಿನ ವಿಚಿತ್ರ ನೋಡಿ. ಇಂಗ್ಲೆಂಡಿನಲ್ಲಿ ಸರಕಾರಿ ಸೇವೆಯ ದಂತವೈದ್ಯ ತನ್ನ ಕುರ್ಚಿಯಲ್ಲೇ ಬುದ್ಧಿಹಲ್ಲು ಕಿತ್ತರೆ ಎರಡನೆಯ ದರ್ಜೆಯ ಶುಲ್ಕ: 2025ರ ಏಪ್ರಿಲ್‌ನಲ್ಲಿ ಅದು 75 ಪೌಂಡು 30 ಪೆನ್ಸ್ ಆಯಿತು. ಅದೇ ಹಲ್ಲನ್ನು ಆಸ್ಪತ್ರೆಗೆ ಕಳುಹಿಸಿ ತೆಗೆಸಿದರೆ ಶುಲ್ಕವಿಲ್ಲ. ಮಕ್ಕಳು, ಗರ್ಭಿಣಿಯರು, ಕೆಲವು ಸರಕಾರಿ ನೆರವು ಪಡೆಯುವವರು ಶುಲ್ಕದಿಂದ ಪಾರು. ಅದಕ್ಕಿಂತ ತುಸು ಮೇಲಿರುವ ಅಂಗಡಿಯ ನೌಕರ, ಬಸ್ಸಿನ ಚಾಲಕ ಪಾರಲ್ಲ. ವೈದ್ಯನ ಕಡೆಗೂ ನ್ಯಾಯವಿಲ್ಲ. 2006ರ ಗುತ್ತಿಗೆಯ ಲೆಕ್ಕದಲ್ಲಿ ಸುಲಭವಾಗಿ ಬರುವ ಒಂದು ಮುಂದಿನ ಹಲ್ಲಿಗೂ, ಎಲುಬು ಕೊರೆದು ತೆಗೆಯುವ ಒಂದು ಬುದ್ಧಿಹಲ್ಲಿಗೂ ಸಿಗುವುದು ಅಷ್ಟೇ ಅಂಕ. ಸರಕಾರಿ ಸೇವೆ ಬಿಟ್ಟು ಖಾಸಗಿಗೆ ಹೊರಟ ವೈದ್ಯರನ್ನು ಬರಿಯ ದುರಾಶೆಯವರೆಂದು ಬೈದು ಪ್ರಯೋಜನವಿಲ್ಲ.

ಸೇವೆಯ ಎಲ್ಲ ಬಿಗಿಯೂ ಜಿಪುಣತನವಲ್ಲವೆಂಬುದನ್ನೂ ಒಪ್ಪಬೇಕು. ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯೆಂದು ಕೀಳಬಾರದೆಂದು 2000ದಲ್ಲಿ ಅಲ್ಲಿಯ ಸರಕಾರಿ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಹೇಳಿತು. ಕಾದರೆ ಪಕ್ಕದ ಹಲ್ಲು ಹುಳುಕುವುದೆಂದು ವಾದಿಸುವ ತಜ್ಞರಿದ್ದಾರೆ, ಆ ವಾದ ನಡೆಯಲಿ. ಆದರೆ ಕಿತ್ತ ಹಲ್ಲಿಗಿಷ್ಟು ಎಂದು ಸಂಪಾದಿಸುವ ಖಾಸಗಿ ವ್ಯವಸ್ಥೆ ಇಂತಹ ನಿಯಮವನ್ನು ತಾನಾಗಿ ಮಾಡಿಕೊಳ್ಳುವುದೆ?

ನಮ್ಮ ದೂರು ಬೇರೆ. ನೋವು ಬಂದಾಗ ವೈದ್ಯನೇ ಸಿಗದಿದ್ದರೆ ಶುಲ್ಕ, ವಿನಾಯಿತಿ ಎಲ್ಲ ಕಾಗದದ ಮಾತು. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಒಂದು ದಂತಚಿಕಿತ್ಸಾಲಯ ಸರಕಾರಿ ಸೇವೆಯ ರೋಗಿಗಳನ್ನು ಸೇರಿಸಿಕೊಳ್ಳುತ್ತದೆಂದು ತಿಳಿದು ನೂರಾರು ಜನ ಬೀದಿಯಲ್ಲಿ ಸಾಲು ನಿಂತರು, ಪೊಲೀಸರು ಬರಬೇಕಾಯಿತು. ವೈದ್ಯ ಸಿಗದೆ ಮನೆಯಲ್ಲೇ ತಮ್ಮ ಹಲ್ಲು ತಾವು ಕಿತ್ತುಕೊಂಡವರ ವರದಿಗಳೂ ಬಂದವು.

2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ತುರ್ತಾಗಿ ಹಲ್ಲು ತೋರಿಸಬೇಕಾದವರಿಗೆ 7 ಲಕ್ಷ ಹೆಚ್ಚಿನ ಭೇಟಿಗಳ ಭರವಸೆ ನೀಡಿತ್ತು. ಒಳ್ಳೆಯದೇ. ಆದರೆ ಶುಲ್ಕವನ್ನು ಅದು ತೆಗೆಯಲಿಲ್ಲ. 1951ರಲ್ಲಿ ಶುಲ್ಕ ತಂದ ಪಕ್ಷವೇ 2025ರಲ್ಲಿ ಅದನ್ನು ಏರಿಸಿತು. ಆ ಶುಲ್ಕ ರದ್ದಾಗಬೇಕು, ಕಷ್ಟದ ಹಲ್ಲಿಗೆ ತಕ್ಕ ಸಂಭಾವನೆ ವೈದ್ಯನಿಗೆ ಸಿಗಬೇಕು ಎಂದು ಅಲ್ಲಿಯ ಕಾರ್ಮಿಕ ಸಂಘಗಳು ತಮ್ಮದೇ ಪಕ್ಷವನ್ನು ಕೊರಳಪಟ್ಟಿ ಹಿಡಿದು ಕೇಳಲಿ.